ತೆರಿಗೆಯ ಜಗಳ ದಿಲ್ಲಿಯಲ್ಲಿ, ಮಳೆಮಾಪಕ ನಮ್ಮ ಪಂಚಾಯಿತಿಯಲ್ಲಿ

ಗೊಬ್ಬರ ತರಲು ಸೊಸೈಟಿಗೆ ಹೋಗಿದ್ದೆ. ಕೌಂಟರಿನ ಹತ್ತಿರ ಬೆಳೆ ವಿಮೆಯ ಮಾತು ನಡೆದಿತ್ತು. ‘ಇನ್ಶೂರೆನ್ಸ್ ಮೇಲಿನ ಜಿಎಸ್‌ಟಿ ಪೂರ್ತಿ ತೆಗೆದ್ರು ಅಂತ ಪೇಪರಲ್ಲಿ ಬಂದಿತ್ತಲ್ಲ, ಮತ್ತೆ ನಮ್ಮ ಮೆಣಸಿನ ಪ್ರೀಮಿಯಂ ಯಾಕೆ ಒಂದು ರೂಪಾಯಿಯೂ ಇಳಿಯಲಿಲ್ಲ?’ ಎಂದು ಒಬ್ಬರು ಕೇಳಿದರು. ಕೌಂಟರಿನಲ್ಲಿದ್ದ ಹುಡುಗ ನಕ್ಕು, ‘ಅದು ಬೇರೆ, ಇದು ಬೇರೆ ಅಂಕಲ್’ ಎಂದ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದ.

ಉತ್ತರ ಸರಿಯೇ. ಸರ್ಕಾರದ ಬೆಳೆ ವಿಮೆ ಯೋಜನೆಗಳಿಗೆ ಜಿಎಸ್‌ಟಿ ಮೊದಲೂ ಇರಲಿಲ್ಲ, ಹಾಗಾಗಿ ತೆಗೆಯಲು ಏನೂ ಇರಲಿಲ್ಲ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ವಿಮೆ ಎಂದರೆ ಟಿವಿಯಲ್ಲಿ ಕೇಳುವುದೆಲ್ಲ ತೆರಿಗೆಯ ಮಾತು. ಕೇಂದ್ರ ಕೊಟ್ಟಿತು, ರಾಜ್ಯಕ್ಕೆ ನಷ್ಟ ಆಯಿತು, ಯಾರು ತುಂಬಿಕೊಡಬೇಕು, ಇಷ್ಟೇ. ಕೊಡಗಿನವರ ವಿಮೆಯ ಹಣೆಬರಹ ಬರೆಯುವ ತೀರ್ಮಾನಗಳು ಬೇರೆಯೇ ಇವೆ. ಅವುಗಳಲ್ಲಿ ಹೆಚ್ಚಿನವು ವಿಧಾನಸೌಧದಲ್ಲೇ ಆಗುತ್ತವೆ. ಅಲ್ಲಿ ಅಷ್ಟು ಗಲಾಟೆ ಇಲ್ಲ.

ಮೊದಲು ತೆರಿಗೆಯ ಕಥೆ ಮುಗಿಸೋಣ.

2024ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ತಮ್ಮದೇ ಸರ್ಕಾರದ ಹಣಕಾಸು ಸಚಿವೆಗೆ ಒಂದು ಪತ್ರ ಬರೆದರು. ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಶೇ 18 ಜಿಎಸ್‌ಟಿ ತೆಗೆಯಿರಿ ಎಂಬುದು ಅದರ ಸಾರ. ಮಮತಾ ಬ್ಯಾನರ್ಜಿಯವರೂ ಅದನ್ನೇ ಕೇಳಿದರು. ವಿಷಯ ಜಿಎಸ್‌ಟಿ ಮಂಡಳಿಗೆ ಹೋಯಿತು, ಅಲ್ಲಿಂದ ಸಚಿವರ ಗುಂಪಿಗೆ ಹೋಯಿತು, ವರ್ಷ ಕಳೆಯಿತು. ಕೊನೆಗೆ 2025ರ ಸೆಪ್ಟೆಂಬರ್ 3ರಂದು ನಡೆದ 56ನೇ ಸಭೆಯಲ್ಲಿ ತೀರ್ಮಾನ ಆಯಿತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ತೆರಿಗೆ ಇಲ್ಲ. ಮೊದಲು 20,000 ರೂಪಾಯಿ ಪ್ರೀಮಿಯಂಗೆ 23,600 ಕಟ್ಟಬೇಕಿತ್ತು. ಈಗ 20,000 ಸಾಕು.

ಉಳಿದ ಆ 3,600 ರೂಪಾಯಿಯಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ರಾಜ್ಯಗಳು ಗೊಣಗಿದ್ದು ಇಲ್ಲಿ. ಆರೋಗ್ಯ ವಿಮೆಯ ಪ್ರೀಮಿಯಂ ಒಂದರಿಂದಲೇ 2023-24ರಲ್ಲಿ 8,262.94 ಕೋಟಿ ಜಿಎಸ್‌ಟಿ ಬಂದಿತ್ತು. ವಿಮೆಯ ಜೊತೆಗೆ ನೂರಾರು ಸಾಮಾನಿನ ದರವೂ ಅದೇ ಸಭೆಯಲ್ಲಿ ಇಳಿಯಿತು. ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಎಂಟು ರಾಜ್ಯಗಳು ಸಭೆಗೆ ಮುಂಚೆಯೇ ದಿಲ್ಲಿಯಲ್ಲಿ ಸೇರಿ, ದರ ಇಳಿಸಲು ನಮ್ಮ ಅಡ್ಡಿ ಇಲ್ಲ, ನಷ್ಟ ಮಾತ್ರ ತುಂಬಿಕೊಡಿ ಎಂದಿದ್ದವು. ಕರ್ನಾಟಕದ ಪರ ಮಾತಾಡಿದ್ದು ಕಂದಾಯ ಸಚಿವ ಕೃಷ್ಣ ಬೈರೇಗೌಡ. ಒಟ್ಟು ದರ ಇಳಿಕೆಯಿಂದ ವರ್ಷಕ್ಕೆ ಸುಮಾರು 15,000 ಕೋಟಿ ಖೋತಾ ಎಂದು ರಾಜ್ಯ ಲೆಕ್ಕ ಹಾಕಿತು. ಜಿಎಸ್‌ಟಿ ಪರಿಹಾರ 2022ರ ಜೂನ್‌ಗೇ ನಿಂತಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ 3.647ಕ್ಕೆ ಇಳಿಸಿದ ಸಿಟ್ಟು ಆಗ ಇನ್ನೂ ಆರಿರಲಿಲ್ಲ. ಆ ಸಿಟ್ಟಿನ ಮೇಲೆ ಇದು ಬಂತು.

ರಾಜ್ಯದ ದೂರು ಸುಮ್ನೆ ರಾಜಕೀಯ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಹಾಗೆಯೇ ಕಾಯಿಲೆಗೆಂದು ಎತ್ತಿಡುವ ದುಡ್ಡಿನ ಮೇಲೆ ಶೇ 18 ತೆರಿಗೆ ಹಾಕಿದ್ದೂ ಸರಿ ಇರಲಿಲ್ಲ. ಆದರೆ ಈ ಬಿಡುಗಡೆ ಕೊಡಗಿನಲ್ಲಿ ಎಷ್ಟು ಮನೆಗೆ ತಟ್ಟಿತು? ಸ್ವಂತ ಆರೋಗ್ಯ ಪಾಲಿಸಿ ಇಟ್ಟುಕೊಂಡವರು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ನೌಕರರು, ವ್ಯಾಪಾರಸ್ಥರು, ಸ್ವಲ್ಪ ದೊಡ್ಡ ತೋಟದವರು. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಇರುವವರಿಗೆ ಇದು ಸುದ್ದಿಯೇ ಅಲ್ಲ. ಗುಂಪು ವಿಮೆಗೆ ಶೇ 18 ಹಾಗೇ ಉಳಿದಿದೆ. ಅಂದರೆ ಒಂದು ಸಂಘದ ಮೂಲಕ ಸದಸ್ಯರೆಲ್ಲ ಸೇರಿ ಕಡಿಮೆ ಖರ್ಚಿನಲ್ಲಿ ಪಾಲಿಸಿ ಮಾಡಿಸಿಕೊಂಡರೆ ತೆರಿಗೆ ಉಂಟು, ಒಬ್ಬೊಬ್ಬರೇ ದುಬಾರಿ ಪಾಲಿಸಿ ತೆಗೆದುಕೊಂಡರೆ ಇಲ್ಲ. ತೋಟದ ಕಾರ್ಮಿಕರಿಗೆ ಅಪಘಾತವಾದರೆ ಕೊಡಬೇಕಾದ ಪರಿಹಾರಕ್ಕೆಂದು ಮಾಲೀಕರು ಮಾಡಿಸುವ ಪಾಲಿಸಿಗೂ ತೆರಿಗೆ ಇದೆ, ಮನೆಯ ವಿಮೆಗೂ ಇದೆ. ಅಂಗಡಿ ಇಟ್ಟವರಾದರೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಬೆಳೆಗಾರರಿಗೆ ಜಿಎಸ್‌ಟಿ ನೋಂದಣಿಯೇ ಇರುವುದಿಲ್ಲ. ಕಟ್ಟಿದ್ದು ಹೋಯಿತು, ಅಷ್ಟೇ.

ಇನ್ನೊಂದು ಮಾತು. ತೆರಿಗೆ ಶೂನ್ಯ ಆದಾಗ ವಿಮಾ ಕಂಪನಿಗಳು ತಾವು ಬಾಡಿಗೆ, ಜಾಹೀರಾತು, ಕಮಿಷನ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಜಾ ಮಾಡಿಕೊಳ್ಳುವ ಅವಕಾಶ ಕಳೆದುಕೊಂಡವು. ಆ ಹೊರೆಯನ್ನು ಅವರು ಹೊತ್ತುಕೊಳ್ಳುತ್ತಾರೆಯೇ? ಹಲವು ಕಡೆ ಅದು ಏಜೆಂಟರ ಕಮಿಷನ್‌ಗೆ ಕತ್ತರಿಯಾಗಿ ಬಂತು. ಊರಿನಲ್ಲಿ ಬೈಕಿನಲ್ಲಿ ಮನೆಮನೆ ತಿರುಗುವ ಏಜೆಂಟರನ್ನು ಕೇಳಿ ನೋಡಿ, ಜಿಎಸ್‌ಟಿ ಹಬ್ಬದ ಇನ್ನೊಂದು ಮುಖ ಗೊತ್ತಾಗುತ್ತದೆ.

ಸರಿ, ರಾಜ್ಯ ಸರ್ಕಾರ ಇದರಲ್ಲಿ ಒಂಟಿಯಾಗಿ ಏನಾದರೂ ಮಾಡಬಹುದಿತ್ತೇ? ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮೆ ಕೇಂದ್ರ ಪಟ್ಟಿಯ 47ನೇ ನಮೂದು. ಕಂಪನಿಗೆ ಪರವಾನಗಿ, ಪಾಲಿಸಿಯ ನಿಯಮ, ಏಜೆಂಟರ ನಿಯಮ, ಎಲ್ಲವನ್ನೂ ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ ನೋಡುತ್ತದೆ. ಜಿಎಸ್‌ಟಿ ಮಂಡಳಿಯಲ್ಲಿ ಮತದ ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ಎಲ್ಲ ರಾಜ್ಯಗಳದ್ದು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಕೇಂದ್ರ ಬೇಡ ಎಂದರೆ ಯಾವ ತೀರ್ಮಾನವೂ ಆಗುವುದಿಲ್ಲ. ಒಂದು ರಾಜ್ಯ ಮಾತ್ರ ಬೇಡ ಎಂದರೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಪಾಲಿಸಿಯ ಮೇಲಿನ ಸ್ಟಾಂಪ್ ಸುಂಕದ ಕಥೆ ಇನ್ನೂ ಮಜಾ. ಜೀವ ವಿಮೆಗೆ ಸಾವಿರ ರೂಪಾಯಿಗೆ 20 ಪೈಸೆ, ಅಂದರೆ ಹತ್ತು ಲಕ್ಷದ ಪಾಲಿಸಿಗೆ 200 ರೂಪಾಯಿ. ದುಡ್ಡು ರಾಜ್ಯಕ್ಕೆ ಹೋಗುತ್ತದೆ, ದರ ಮಾತ್ರ ಕೇಂದ್ರವೇ ಹೇಳಬೇಕು.

ಯಾವಾಗಲೂ ಹೀಗೆ ಇರಲಿಲ್ಲ ಎನ್ನುವುದೂ ನಿಜ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಸ್ವಂತ ವಿಮೆ ಶುರು ಮಾಡಿತ್ತು. ಇವತ್ತಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದರ ಮುಂದುವರಿಕೆ. ಆಗ ಕೊಡಗು ಮೈಸೂರಿನ ಭಾಗವೇ ಅಲ್ಲ, ಬ್ರಿಟಿಷ್ ಚೀಫ್ ಕಮಿಷನರ್ ಕೈಯಲ್ಲಿತ್ತು. 1956ರ ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಹುಟ್ಟಿತು, ನೌಕರರ ಇಂಥ ವಿಮೆ ಬಿಟ್ಟರೆ ಜೀವ ವಿಮೆ ದಿಲ್ಲಿಯದಾಯಿತು. ಎರಡು ತಿಂಗಳ ನಂತರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಮೇಷ್ಟ್ರುಗಳ ಸಂಬಳದಲ್ಲಿ ಕೆಜಿಐಡಿ ಕಡಿತ ಬಂದದ್ದು ಹಾಗೆ.

ರಾಜ್ಯಕ್ಕೇ ಎಲ್ಲ ಅಧಿಕಾರ ಇದ್ದಿದ್ದರೆ ಚೆನ್ನಾಗಿರುತ್ತಿತ್ತಾ? ಅಮೆರಿಕದಲ್ಲಿ ಹಾಗೇ ಇದೆ. 1945ರ ಒಂದು ಕಾನೂನಿನ ಪ್ರಕಾರ ಅಲ್ಲಿ ವಿಮೆಯ ನಿಯಂತ್ರಣ, ಪ್ರೀಮಿಯಂ ತೆರಿಗೆ ಎಲ್ಲ ರಾಜ್ಯಗಳ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ವಿಮಾ ಕಮಿಷನರನ್ನು ಜನರೇ ಮತ ಹಾಕಿ ಆರಿಸುತ್ತಾರೆ. 1988ರಿಂದ ಅಲ್ಲಿ ಕಮಿಷನರ್ ಒಪ್ಪದೆ ಮನೆ ವಿಮೆಯ ದರ ಏರಿಸುವಂತಿಲ್ಲ. ಕೇಳಲು ಚಂದ. ಆದರೆ ಕಾಳ್ಗಿಚ್ಚು ಹೆಚ್ಚಾದಾಗ ದೊಡ್ಡ ಕಂಪನಿಗಳು ಹೊಸ ಮನೆಗಳಿಗೆ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದವು. ದರ ಹಿಡಿದಿಟ್ಟರೆ ವಿಮೆಯೇ ಸಿಗದೆ ಹೋಗಬಹುದು. ಗುಡ್ಡ ಜಾರುವ ನಮ್ಮ ಜಿಲ್ಲೆಯವರು ಇದನ್ನು ನೆನಪಿಡಬೇಕು.

ಈಗ ರಾಜ್ಯದ ಕೈಯಲ್ಲಿ ನಿಜಕ್ಕೂ ಏನಿದೆ ನೋಡೋಣ. ಬೆಳೆ ವಿಮೆ.

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಹವಾಮಾನ ಆಧಾರಿತ ವಿಮೆ ಅದರ ಜೊತೆಯಲ್ಲೇ ನಡೆಯುತ್ತದೆ. ಹೆಸರಿನಲ್ಲಿ ಪ್ರಧಾನ ಮಂತ್ರಿ ಇದ್ದರೂ ಯಾವ ಜಿಲ್ಲೆಗೆ ಯಾವ ಬೆಳೆ, ಪಂಚಾಯಿತಿ ಮಟ್ಟದಲ್ಲಾ ಹೋಬಳಿ ಮಟ್ಟದಲ್ಲಾ, ಯಾವ ಕಂಪನಿಗೆ ಟೆಂಡರ್, ಕೊನೆ ದಿನ ಯಾವುದು ಎಂದು ಅಧಿಸೂಚನೆ ಹೊರಡಿಸುವುದು ರಾಜ್ಯ. ಕೊಡಗಿನಲ್ಲಿ ಭತ್ತ ಫಸಲ್ ಬಿಮಾಕ್ಕೆ ಬರುತ್ತದೆ. ಅಡಿಕೆ, ಕಾಳುಮೆಣಸು ಹವಾಮಾನ ವಿಮೆಗೆ ಬರುತ್ತವೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತರು ಕಟ್ಟುವುದು 6,400. ಮೆಣಸಿಗೆ 47,000, ಕಟ್ಟುವುದು 2,350. ತೋಟದ ಬೆಳೆಗೆ ರೈತರ ಪಾಲು ಶೇ 5 ಎಂಬ ನಿಯಮದ ಲೆಕ್ಕ ಇದು.

ನಿಜವಾದ ಪ್ರೀಮಿಯಂ ಅದಕ್ಕಿಂತ ಬಹಳ ಜಾಸ್ತಿ ಇರುತ್ತದೆ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಮೊದಲು ಸಮ ಪಾಲು ಹಾಕುತ್ತಿದ್ದವು. 2020ರಲ್ಲಿ ಕೇಂದ್ರ ಒಂದು ಗೆರೆ ಎಳೆಯಿತು. ನೀರಾವರಿ ಕಡಿಮೆ ಇರುವ ಪ್ರದೇಶದಲ್ಲಿ ಪ್ರೀಮಿಯಂ ದರ ಶೇ 30 ದಾಟಿದರೆ, ನೀರಾವರಿ ಪ್ರದೇಶದಲ್ಲಿ ಶೇ 25 ದಾಟಿದರೆ, ಮೇಲಿನದ್ದರಲ್ಲಿ ತಾನು ಪಾಲು ಕೊಡುವುದಿಲ್ಲ ಎಂದಿತು. ಇದರ ಅರ್ಥ ಏನು? ಒಂದು ಊಹೆಯ ಲೆಕ್ಕ ಹಾಕೋಣ. ಅಡಿಕೆಗೆ ಕಂಪನಿ ಶೇ 40 ದರ ಹೇಳಿತು ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರಿಗೆ ಒಟ್ಟು ಪ್ರೀಮಿಯಂ 51,200 ರೂಪಾಯಿ. ರೈತರು 6,400 ಕಟ್ಟುತ್ತಾರೆ. ಶೇ 30ರ ಗೆರೆಯವರೆಗಿನದ್ದರಲ್ಲಿ ರೈತರ ಪಾಲು ಕಳೆದು ಉಳಿದದ್ದರ ಅರ್ಧ, ಅಂದರೆ 16,000 ಕೇಂದ್ರ ಕೊಡುತ್ತದೆ. ರಾಜ್ಯ 28,800 ಕೊಡಬೇಕು. ಮಳೆಯ ಅಪಾಯ ಜಾಸ್ತಿ ಇರುವ ಕಡೆ ಕಂಪನಿಯ ದರವೂ ಜಾಸ್ತಿ, ಆ ಏರಿಕೆ ಪೂರ್ತಿ ಬೀಳುವುದು ರಾಜ್ಯದ ಖಜಾನೆ ಮೇಲೆ. ಜಿಎಸ್‌ಟಿ ಖೋತಾದ ಮಾತು ಕೊಡಗಿನ ತೋಟಕ್ಕೆ ಬಂದು ಮುಟ್ಟುವುದು ಇಲ್ಲಿ. ಕೈ ಬಿಗಿಯಾದ ಸರ್ಕಾರ ಇಂಥ ಖರ್ಚನ್ನು ಮೊದಲು ನೋಡುತ್ತದೆ. ಹೊಸ ಬೆಳೆ ಸೇರಿಸಿ ಎಂದರೆ ಕಡತ ನಿಧಾನವಾಗುತ್ತದೆ.

ಬೇರೆ ರಾಜ್ಯಗಳು ಇದಕ್ಕೆ ತಮ್ಮದೇ ದಾರಿ ಹುಡುಕಿವೆ. ಬಿಹಾರ 2018ರಲ್ಲೇ ಯೋಜನೆಯಿಂದ ಹೊರಬಂತು. ಪಶ್ಚಿಮ ಬಂಗಾಳ ಮರು ವರ್ಷ ತನ್ನದೇ ವಿಮೆ ತಂದಿತು. ಮಹಾರಾಷ್ಟ್ರ 2023ರಲ್ಲಿ ಒಂದು ರೂಪಾಯಿಗೆ ಬೆಳೆ ವಿಮೆ ಎಂದು ಘೋಷಿಸಿ, 2025ರಲ್ಲಿ ಕೈಬಿಟ್ಟಿತು. ಒಂದು ರೂಪಾಯಿ ಆದರೆ ಬೆಳೆ ಇಲ್ಲದ ಜಾಗಕ್ಕೂ ಅರ್ಜಿ ಬರುತ್ತದೆ, ಬಂತು. ಕರ್ನಾಟಕ ಯೋಜನೆಯ ಒಳಗೇ ಉಳಿದು ಬೆಳೆ ವಿಮೆಗೆಂದೇ ‘ಸಂರಕ್ಷಣೆ’ ಪೋರ್ಟಲ್ ಮಾಡಿಕೊಂಡಿತು. ಅದು ಒಳ್ಳೆಯ ಕೆಲಸವೇ.

ಇನ್ನು ಮಳೆಮಾಪಕ. ಹವಾಮಾನ ವಿಮೆಯಲ್ಲಿ ನಿಮ್ಮ ತೋಟಕ್ಕೆ ಬಂದು ಯಾರೂ ನೋಡುವುದಿಲ್ಲ. ಕೊಳೆರೋಗ ಬಂತಾ, ಮೆಣಸಿನ ಬಳ್ಳಿ ಹಳದಿಯಾಯಿತಾ ಎಂದು ಕೇಳುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಇಂತಿಷ್ಟು ದಿನ ಇಂತಿಷ್ಟು ಮಿಲಿಮೀಟರ್ ತೋರಿಸಿದರೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಪಂಚಾಯಿತಿಗಳಲ್ಲಿ ಈ ಯಂತ್ರ ಇಟ್ಟು ಲೆಕ್ಕ ತೆಗೆದುಕೊಳ್ಳುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಕಂಪನಿಯೂ ಅಲ್ಲ, ದಿಲ್ಲಿಯೂ ಅಲ್ಲ. ಮಲೆನಾಡು, ಕರಾವಳಿ ಕಡೆಯ ದೂರುಗಳಲ್ಲಿ ದೊಡ್ಡದು ಇದೇ. ಯಂತ್ರ ಕೆಟ್ಟಿತ್ತು, ಅಂಕಿ ಬರಲಿಲ್ಲ, ಪಕ್ಕದ ಪಂಚಾಯಿತಿಯ ಅಂಕಿ ಹಾಕಿದರು, ನಮಗೆ ಕಡಿಮೆ ಬಂತು.

ಬಯಲುಸೀಮೆಯಲ್ಲಿ ಪಕ್ಕದೂರಿನ ಅಂಕಿ ಹಾಕಿದರೆ ಅಷ್ಟೇನೂ ವ್ಯತ್ಯಾಸ ಆಗದಿರಬಹುದು. ಕೊಡಗಿನಲ್ಲಿ ಹಾಗಲ್ಲ. ಭಾಗಮಂಡಲದಿಂದ ಕುಶಾಲನಗರಕ್ಕೆ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಮಳೆ ಮಾತ್ರ ಹಲವು ಪಟ್ಟು ಬೇರೆ. ಒಂದೇ ಪಂಚಾಯಿತಿಯಲ್ಲಿ ಬೆಟ್ಟದ ಆ ಕಡೆ ಹೊಯ್ಯುತ್ತಿರುತ್ತದೆ, ಈ ಕಡೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಯಂತ್ರದ ಮೇಲೆ ಮರದ ಕೊಂಬೆ ಬೆಳೆದಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ. ವಿಮೆಯ ಬಗ್ಗೆ ಶಾಸಕರನ್ನು ಒಂದೇ ಒಂದು ಪ್ರಶ್ನೆ ಕೇಳಬಹುದು ಎಂದರೆ ನಾನು ಕೇಳುವುದು ಇದನ್ನೇ: ನಮ್ಮ ಪಂಚಾಯಿತಿಯ ಮಳೆಮಾಪಕ ಕಳೆದ ವರ್ಷ ಎಷ್ಟು ದಿನ ಕೆಟ್ಟಿತ್ತು?

ವಿಮೆಗೆ ಅರ್ಜಿ ಹಾಕಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ಅದಕ್ಕೆ ಆರ್‌ಟಿಸಿಯಲ್ಲಿ ಹೆಸರು ಬೇಕು. ಕೊಡಗಿನವರಿಗೆ ಮುಂದಿನದ್ದನ್ನು ಹೇಳಬೇಕಿಲ್ಲ. ಕುಟುಂಬಕ್ಕೆ ಪರಂಪರೆಯಿಂದ ಬಂದ ಜಮ್ಮಾ ಜಾಗದ ದಾಖಲೆಯಲ್ಲಿ ಯಾವುದೋ ಕಾಲದ ಪಟ್ಟೇದಾರರ, ಅಂದರೆ ಕುಟುಂಬದ ಯಜಮಾನರ ಹೆಸರು. ಅವರ ಕೆಳಗೆ ಕುಟುಂಬದವರೆಲ್ಲ ಒಟ್ಟಿಗೆ. ನಿಜವಾಗಿ ತೋಟ ಮಾಡುವವರ ಹೆಸರು ಕಾಣುವುದೇ ಇಲ್ಲ, ಇದ್ದರೂ ಯಾರಿಗೆ ಎಷ್ಟು ಎಕರೆ ಎಂದು ಇರುವುದಿಲ್ಲ. ಸಾಲಕ್ಕೂ ಇದೇ ತೊಡಕು, ಪರಿಹಾರಕ್ಕೂ ಇದೇ, ವಿಮೆಗೂ ಇದೇ. ಸರಿಪಡಿಸುವ ಪ್ರಯತ್ನ ವಿಧಾನಮಂಡಲದವರೆಗೂ ಹೋಗಿದೆ. ನಾವು ಅದನ್ನು ಕಂದಾಯದ ವಿಷಯ, ಕುಟುಂಬದ ವಿಷಯ ಎಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ವಿಮೆಯ ವಿಷಯವೂ ಹೌದು. ಹೆಸರು ಇಲ್ಲದವರಿಗೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ.

ಕಾಫಿಯ ಮಾತು ಎತ್ತದೆ ಇದು ಮುಗಿಯುವಂತಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ಹವಾಮಾನ ನಂಬಿದ ಬೆಳೆ ಇದಕ್ಕಿಂತ ಇನ್ನೊಂದಿಲ್ಲ. ಹೂಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಬೀಳಬೇಕು, ಆಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು, ಆಗಸ್ಟಿನಲ್ಲಿ ಅತಿಯಾದರೆ ಕಾಯಿ ಉದುರುತ್ತದೆ, ಕೊಯ್ಲಿನಲ್ಲಿ ಬಂದರೆ ಕಣದಲ್ಲೇ ಹಾಳು. ಕಾಫಿ ಮಂಡಳಿ ಹಿಂದೆ ಮಳೆ ವಿಮೆ ಎಂಬ ಯೋಜನೆ ನಡೆಸಿತ್ತು. ಹೂಮಳೆ, ನಂತರದ ಮಳೆ, ಮುಂಗಾರಿನ ಅತಿಮಳೆ, ಮೂರಕ್ಕೂ ಅದರಲ್ಲಿ ಜಾಗ ಇತ್ತು. ಅದು ನಿಂತುಹೋಯಿತು. ಕಾಫಿಯನ್ನೂ ಹವಾಮಾನ ವಿಮೆಗೆ ಸೇರಿಸಿ ಎಂದು ಬೆಳೆಗಾರರ ಸಂಘಗಳು ಕೇಳುತ್ತಲೇ ಇವೆ.

ತೊಡಕು ಇರುವುದು ಕಾಫಿ ಯಾರ ಮಗು ಎಂಬುದರಲ್ಲಿ. ಮೆಣಸು, ಅಡಿಕೆ ರಾಜ್ಯದ ತೋಟಗಾರಿಕೆ ಇಲಾಖೆಗೆ ಸೇರಿದವು. ಕಾಫಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿರುವ ಮಂಡಳಿಗೆ ಸೇರಿದ್ದು. ಬೆಳೆ ವಿಮೆ ನಡೆಸುವುದು ಕೇಂದ್ರದ ಕೃಷಿ ಸಚಿವಾಲಯ, ಪಟ್ಟಿ ಮಾಡುವುದು ರಾಜ್ಯ. ಮೂವರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು, ಯಾರೂ ಸುಳ್ಳು ಹೇಳಿದಂತೆ ಆಗುವುದಿಲ್ಲ. ಒಂದೇ ತೋಟ, ಒಂದೇ ಮಳೆ. ಮರಕ್ಕೆ ಹಬ್ಬಿದ ಮೆಣಸಿಗೆ ವಿಮೆ ಉಂಟು, ಅದರ ಬುಡದಲ್ಲಿರುವ ಕಾಫಿಗೆ ಇಲ್ಲ. ಶೇ 40ರ ಲೆಕ್ಕ ನೋಡಿದಿರಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಪೂರ್ತಿ ಒಳಗೆ ಬಂದರೆ ರಾಜ್ಯದ ಪಾಲು ಸಣ್ಣದಾಗಿರುವುದಿಲ್ಲ. ಹಾಗಾಗಿ ಸಣ್ಣ ಹಿಡುವಳಿಯಿಂದ ಶುರು ಮಾಡುವುದು, ಮಂಡಳಿಯಿಂದಲೂ ಒಂದು ಪಾಲು ಕೇಳುವುದು ನನಗೆ ಸಾಧ್ಯ ಎನಿಸುವ ದಾರಿ. ಎಲ್ಲರಿಗೂ ಒಟ್ಟಿಗೇ ಬೇಕು ಎಂದರೆ ಯಾರಿಗೂ ಬರುವುದಿಲ್ಲವೇನೋ.

ಆನೆಯ ವಿಷಯದಲ್ಲಿ ಹೊಸದೊಂದು ಆಗಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕಾಡುಪ್ರಾಣಿಯಿಂದಾದ ಬೆಳೆ ನಷ್ಟವನ್ನೂ ಫಸಲ್ ಬಿಮಾಕ್ಕೆ ಸೇರಿಸಿತು. 2026ರ ಮುಂಗಾರಿನಿಂದ ಜಾರಿ. ಗದ್ದೆಯಲ್ಲಿ ನೀರು ನಿಂತು ಭತ್ತ ಹಾಳಾಗುವುದಕ್ಕೆ ಕೊಡುತ್ತಿದ್ದ ಪರಿಹಾರವನ್ನು 2018ರಲ್ಲಿ ಕೈಬಿಟ್ಟಿದ್ದರು, ಅದೂ ವಾಪಸ್ ಬಂತು. ಕೇಳಿದಾಗ ಖುಷಿಯಾಯಿತು. ಆಮೇಲೆ ಷರತ್ತು ಓದಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಪಟ್ಟಿ ಮಾಡಬೇಕಾದವರು ರಾಜ್ಯ ಸರ್ಕಾರದವರು. ನಷ್ಟವಾದ 72 ಗಂಟೆಯೊಳಗೆ ಮೊಬೈಲ್ ಆ್ಯಪಿನಲ್ಲಿ ಜಾಗದ ಗುರುತಿರುವ ಫೋಟೊ ಹಾಕಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದ ದಕ್ಷಿಣ ಕೊಡಗಿನಲ್ಲಿ 72 ಗಂಟೆ ಎಂದರೆ ಏನು ಎಂದು ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನೂ ಮುಖ್ಯವಾದದ್ದು, ಈ ರಕ್ಷಣೆ ಅಧಿಸೂಚಿತ ಬೆಳೆಗೆ ಮಾತ್ರ. ಕೊಡಗಿನಲ್ಲಿ ಅಂದರೆ ಹೆಚ್ಚಾಗಿ ಭತ್ತಕ್ಕೆ. ಆನೆ ಕಾಟಕ್ಕೆ ಹೆದರಿಯೇ ಎಷ್ಟೋ ಗದ್ದೆ ಪಾಳು ಬಿದ್ದಿವೆ. ನಾಟಿಯೇ ಮಾಡದ ಗದ್ದೆಗೆ ವಿಮೆ ಎಲ್ಲಿಂದ? ಆನೆ ಈಗ ಜಾಸ್ತಿ ಇರುವುದು ತೋಟದಲ್ಲಿ, ಹಲಸಿನ ಮರದ ಕೆಳಗೆ, ಕಾಫಿ ಗಿಡಗಳ ಮಧ್ಯೆ. ಅಲ್ಲಿ ಮುರಿದ ಗಿಡಕ್ಕೆ ಅರಣ್ಯ ಇಲಾಖೆಯ ಪರಿಹಾರವೊಂದೇ ಗತಿ. ಮತ್ತೆ ಅದೇ ಜಾಗಕ್ಕೆ ಬಂದೆವು, ಕಾಫಿ ಪಟ್ಟಿಯಲ್ಲಿಲ್ಲ.

ಮನೆಯ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆ ನೆಲಸಮ ಆದವು. ವಿಮೆ ಇದ್ದ ಮನೆ ಬೆರಳಲ್ಲಿ ಎಣಿಸುವಷ್ಟೂ ನಾನು ಕೇಳಿಲ್ಲ. ಆಮೇಲೆ 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಮನೆ ವಿಮೆ ಕೊಡಬೇಕು ಎಂದಾಯಿತು. ಅದರಲ್ಲಿ ನೆರೆಯೂ ಇದೆ, ಭೂಕುಸಿತವೂ ಇದೆ. ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರಿಗೆ ಪ್ರೀಮಿಯಂ ಮೇಲೆ ಶೇ 18 ತೆರಿಗೆ ಕಾಯುತ್ತಿದೆ. ವಿಮೆ ಇಲ್ಲದಿದ್ದರೆ ವಿಪತ್ತು ನಿಧಿಯ ನಿಯಮದಂತೆ ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ 1.30 ಲಕ್ಷ. ಅದರ ಮೇಲೆ ರಾಜ್ಯ ಎಷ್ಟು ಸೇರಿಸುತ್ತದೆ ಎಂಬುದು ಆಯಾ ವರ್ಷದ ಸರ್ಕಾರದ ಮನಸ್ಸು.

ನಾಗಾಲ್ಯಾಂಡ್ ಬೇರೆ ಕೆಲಸ ಮಾಡಿದೆ. ರಾಜ್ಯವೇ ವಿಮೆ ಮಾಡಿಸಿದೆ. ನಿಗದಿಗಿಂತ ಹೆಚ್ಚು ಮಳೆ ಬಿದ್ದರೆ ಮನೆಮನೆ ಸಮೀಕ್ಷೆಗೆ ಕಾಯದೆ ಸರ್ಕಾರದ ಖಾತೆಗೇ ಹಣ ಬರುತ್ತದೆ. ದೇಶದಲ್ಲಿ ಇಂಥದ್ದು ಮಾಡಿದ ಮೊದಲ ರಾಜ್ಯ ಅದು. ಇದಕ್ಕೆ ಜಿಎಸ್‌ಟಿ ಮಂಡಳಿ ಬೇಡ, ಕೇಂದ್ರ ಪಟ್ಟಿಯ ತಿದ್ದುಪಡಿ ಬೇಡ. ಬಜೆಟ್ಟಿನಲ್ಲಿ ಒಂದು ಸಾಲು ಸಾಕು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡ ಸೇರಿಸಿ ಒಂದು ಪ್ರಯೋಗ ಮಾಡಿದರೆ ಏನು ಕಷ್ಟ? ಅಲ್ಲೂ ಕೊನೆಗೆ ಬೇಕಾಗುವುದು ಸರಿಯಾದ ಮಳೆಮಾಪಕವೇ.

ಆರೋಗ್ಯದಲ್ಲಿ ನಮ್ಮ ರಾಜ್ಯ ಇಂಥ ದಾರಿ ಆಗಲೇ ಹಿಡಿದಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವನ್ನು ವಿಮಾ ಕಂಪನಿಗೆ ಕೊಡದೆ ಸರ್ಕಾರದ ಟ್ರಸ್ಟ್ ಮೂಲಕ ನಡೆಸುತ್ತದೆ. ಕಂಪನಿಯೇ ಇಲ್ಲ ಎಂದ ಮೇಲೆ ಪ್ರೀಮಿಯಂ ಇಲ್ಲ, ಅದರ ಮೇಲಿನ ತೆರಿಗೆಯೂ ಇಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ ನಡುವೆ ನಿಂತು ಮತ್ತೆ ಬಂದಿದೆ. ಹಳ್ಳಿಯ ಸಹಕಾರಿಗಳ ಮನೆಗೆ ನಾಲ್ಕು ಜನರವರೆಗೆ ವರ್ಷಕ್ಕೆ 500 ರೂಪಾಯಿ. ಅದನ್ನು ಕಟ್ಟಿಸಿಕೊಳ್ಳುವುದೂ ಇದೇ ಸೊಸೈಟಿಯ ಕೌಂಟರಿನಲ್ಲಿ.

ಮೆಣಸಿನ ಪ್ರೀಮಿಯಂ ಕೇಳಿದವರು ಆಮೇಲೆ ಹೊರಗೆ ಜೀಪಿನ ಹತ್ತಿರ ಸಿಕ್ಕರು. ಜಿಎಸ್‌ಟಿ ವಿಷಯ ನಾನು ಹೇಳಿದೆ, ತಲೆಯಾಡಿಸಿದರು. ನಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಗೊತ್ತಾ ಎಂದು ಕೇಳಿದೆ. ‘ಹಳೇ ಶಾಲೆಯ ಹಿಂದೆ ಇತ್ತು ಮಾರಾಯ್ರೇ, ಈಗ ಉಂಟೋ ಇಲ್ವೋ’ ಎಂದರು. ಇಬ್ಬರೂ ನೋಡಿಬರಲು ಹೊರಟೆವು.